ಟೆಸ್ಟ್‌ಗಳ ಅಸಿಂಕ್ ಹೆಲ್ಪರ್‌ಗಳನ್ನು ಸ್ವಚ್ಛ ಮಾಡಬೇಕಿದೆ, ಎಲ್ಲಿಂದ ಶುರು ಮಾಡಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ರಿಯಾಕ್ಟ್ ಮತ್ತು ನೋಡ್ ಪ್ರಾಜೆಕ್ಟ್. ಅರ್ಧ ಜಾವಾಸ್ಕ್ರಿಪ್ಟ್, ಅರ್ಧ ಟೈಪ್‌ಸ್ಕ್ರಿಪ್ಟ್. ಟೆಸ್ಟ್‌ಗಳು ಮೊದಲು ಮೋಕಾ ಅನ್ನುವ ಟೆಸ್ಟ್ ಓಡಿಸುವ ಟೂಲ್‌ನಲ್ಲಿದ್ದವು, ಆಮೇಲೆ ಅಂಥದ್ದೇ ಆದ ಜೆಸ್ಟ್‌ಗೆ ಬಂದವು. ಟೆಸ್ಟ್‌ಗಳೇನೋ ಓದಿದರೆ ಅರ್ಥವಾಗುತ್ತವೆ. ಅವುಗಳ ಹಿಂದಿರುವ ಹೆಲ್ಪರ್ ಫೈಲನ್ನು, ಅಂದರೆ ಟೆಸ್ಟ್‌ಗಳು ಹಂಚಿಕೊಳ್ಳುವ ಸಣ್ಣ ಫಂಕ್ಷನ್‌ಗಳ ಫೈಲನ್ನು, ಮುಟ್ಟಲು ಮಾತ್ರ ಯಾರಿಗೂ ಧೈರ್ಯ ಇಲ್ಲ. ಬಂದವರೆಲ್ಲ ತಮ್ಮ ತಮ್ಮ ಕಾಲದ ರೀತಿಯಲ್ಲಿ ಸೇರಿಸಿ ಹೋಗಿದ್ದಾರೆ. ತಡವಾಗಿ ಮುಗಿಯುವ (ಅಸಿಂಕ್) ಕೆಲಸಕ್ಕೆ ಕಾಯಲು ಕೆಲವು ಹೆಲ್ಪರ್‌ಗಳು ‘ಮುಗಿಯಿತು’ ಅಂತ ಹೇಳುವ ಡನ್ ಕಾಲ್‌ಬ್ಯಾಕ್ ಕೇಳುತ್ತವೆ, ಕೆಲವು ‘ಆಮೇಲೆ ಇದು’ ಅನ್ನುವ ದೆನ್ ಮೇಲೆ ದೆನ್ ಪೋಣಿಸುತ್ತವೆ, ಉಳಿದವು ಅಸಿಂಕ್-ಅವೇಟ್, ಅಂದರೆ ಅವೇಟ್ ಬರೆದ ಕಡೆ ಕೆಲಸ ಮುಗಿಯುವ ತನಕ ನಿಲ್ಲುವುದು.

ಒಂದನ್ನು ಬಿಡಿಸಿ ಹೇಳುತ್ತೇನೆ. ಹೆಸರು ‘ಸೇವ್‌ಅಂಡ್‌ವೇಟ್’. ಅದು ಹೊಸ ಪ್ರಾಮಿಸ್ (ಮುಂದೆ ಬರುವ ಫಲಿತಾಂಶಕ್ಕೆ ಹಿಡಿದಿಟ್ಟ ಜಾಗ) ಕಟ್ಟುತ್ತದೆ. ಆ ಪ್ರಾಮಿಸ್‌ಗೆ ಕೊಟ್ಟಿರುವ ಫಂಕ್ಷನ್ನೇ ಅಸಿಂಕ್. ಅದರೊಳಗೆ ಸೇವ್ ಬಟನ್ ಒತ್ತುತ್ತದೆ, 500 ಮಿಲಿಸೆಕೆಂಡ್ ಸ್ಲೀಪ್ ಮಾಡುತ್ತದೆ, ‘ಉಳಿಸಲಾಗಿದೆ’ ಅನ್ನುವ ಸಂದೇಶ ಪರದೆ ಮೇಲಿದೆಯಾ ನೋಡುತ್ತದೆ, ಕೊನೆಗೆ ಕೆಲಸ ಮುಗಿಯಿತು ಅಂತ ರಿಸಾಲ್ವ್ ಕರೆಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಯಾವಾಗಲೂ ಪಾಸ್. ಸಿಐನಲ್ಲಿ (ಕೋಡ್ ಸೇರಿದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸರ್ವರ್) ಆಗಾಗ ಫೇಲ್. ಫೇಲ್ ಆದಾಗ ಬರುವುದು ಒಂದೇ ಮಾತು: 5000 ಮಿಲಿಸೆಕೆಂಡ್ ಮೀರಿತು ಅಂತ. ಯಾಕೆ ಮೀರಿತು ಅನ್ನುವುದು ಎಲ್ಲೂ ಇರುವುದಿಲ್ಲ. ರೀರನ್ ಒತ್ತಿದರೆ ಮತ್ತೆ ಹಸಿರು.

ಟೀಮಿನಲ್ಲಿ ಒಬ್ಬರು ಎಲ್ಲವನ್ನೂ ಒಂದೇ ಸಲಕ್ಕೆ ಅಸಿಂಕ್-ಅವೇಟ್‌ಗೆ ತಿರುಗಿಸೋಣ ಅನ್ನುತ್ತಾರೆ. ಇನ್ನೊಬ್ಬರು ಟೈಮ್‌ಔಟ್ ಜಾಸ್ತಿ ಮಾಡಿ ಬಿಟ್ಟುಬಿಡಿ ಅನ್ನುತ್ತಾರೆ. ಇಂಥ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಹಳೇ_ಬಿಲ್ಡ್

ಎರಡೂ ಬೇಡ ಸರ್. ಟೈಮ್‌ಔಟ್ ಹೆಚ್ಚಿಸಿದರೆ ಫೇಲ್ ಆಗಲು ಇನ್ನೂ ಹೊತ್ತಾಗುತ್ತದೆ, ಅಷ್ಟೇ. ಒಂದೇ ಸಲಕ್ಕೆ ತಿರುಗಿಸಿದರೆ ಏನು ಕೆಟ್ಟಿತು, ಏನು ಮೊದಲೇ ಕೆಟ್ಟಿತ್ತು ಅನ್ನುವುದು ಗೊತ್ತಾಗುವುದಿಲ್ಲ.

ನೀವು ಹೇಳಿದ ಸೇವ್‌ಅಂಡ್‌ವೇಟ್‌ನಿಂದಲೇ ಶುರು ಮಾಡೋಣ. ನಿಮ್ಮ ಟೈಮ್‌ಔಟ್‌ಗೆ ಕಾರಣ ಅದರಲ್ಲೇ ಇದೆ. ಪ್ರಾಮಿಸ್ ಕಟ್ಟುವಾಗ ಅದಕ್ಕೆ ಕೊಡುವ ಫಂಕ್ಷನ್ ಅಸಿಂಕ್ ಆಗಿದ್ದರೆ, ಅದರೊಳಗೆ ಎಸೆದ ಎರರ್ ಹೊರಗಿನ ಪ್ರಾಮಿಸ್‌ಗೆ ತಲುಪುವುದಿಲ್ಲ. ಅಸಿಂಕ್ ಫಂಕ್ಷನ್ ತನ್ನದೇ ಇನ್ನೊಂದು ಪ್ರಾಮಿಸ್ ಕೊಡುತ್ತದೆ, ಎರರ್ ಅದಕ್ಕೆ ಹೋಗುತ್ತದೆ, ಅದನ್ನು ಯಾರೂ ಹಿಡಿದುಕೊಂಡಿಲ್ಲ. ಹೊರಗಿನದು ರಿಸಾಲ್ವ್ ಕೂಡ ಆಗುವುದಿಲ್ಲ, ರಿಜೆಕ್ಟ್ (ವಿಫಲ) ಕೂಡ ಆಗುವುದಿಲ್ಲ, ಸುಮ್ನೆ ನಿಂತಿರುತ್ತದೆ. ಸಿಐನಲ್ಲಿ 500 ಮಿಲಿಸೆಕೆಂಡ್ ಸಾಲದೆ ಸಂದೇಶ ಇನ್ನೂ ಬಂದಿರುವುದಿಲ್ಲ, ಅದು ಇದೆಯಾ ಅಂತ ಪರೀಕ್ಷಿಸುವ ಎಕ್ಸ್‌ಪೆಕ್ಟ್ ಫೇಲ್ ಆಗಿ ಎರರ್ ಎಸೆಯುತ್ತದೆ, ಅದು ಒಳಗೇ ಉಳಿಯುತ್ತದೆ. ಜೆಸ್ಟ್ ತನ್ನ 5 ಸೆಕೆಂಡ್ ಕಾದು ‘ಸಮಯ ಮೀರಿತು’ ಅನ್ನುತ್ತದೆ. ನಿಜವಾದ ಕಾರಣ ‘ಸಂದೇಶ ಸಿಗಲಿಲ್ಲ’, ನಿಮಗೆ ಕಾಣಿಸುವುದು ಟೈಮ್‌ಔಟ್.

ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಲಿಂಟರ್ ಇಎಸ್‌ಲಿಂಟ್‌ನಲ್ಲಿ ಇದಕ್ಕೇ ಒಂದು ನಿಯಮ ಇದೆ, ‘ನೋ-ಅಸಿಂಕ್-ಪ್ರಾಮಿಸ್-ಎಕ್ಸಿಕ್ಯೂಟರ್’. 2019ರ 6ನೇ ಆವೃತ್ತಿಯಿಂದ ಶಿಫಾರಸು ಪಟ್ಟಿಯಲ್ಲೇ ಇದೆ. ನಿಮ್ಮಲ್ಲಿ ಟೆಸ್ಟ್ ಫೋಲ್ಡರ್ ಲಿಂಟ್‌ನಿಂದ ಹೊರಗೆ ಉಳಿದಿರಬೇಕು, ನೋಡಿ. ಬಹಳ ಪ್ರಾಜೆಕ್ಟ್‌ಗಳಲ್ಲಿ ಹಾಗೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಲಿಂಟರ್. ಹೆಲ್ಪರ್ ಫೋಲ್ಡರ್‌ಗೆ ಮಾತ್ರ ಹಾಕಿ. ಟೈಪ್‌ಸ್ಕ್ರಿಪ್ಟ್ ಭಾಗಕ್ಕೆ ‘ನೋ-ಫ್ಲೋಟಿಂಗ್-ಪ್ರಾಮಿಸಸ್’ ತುಂಬಾ ಮುಖ್ಯ. ಅವೇಟ್ ಮರೆತ ಕಡೆಯೆಲ್ಲ ಅದು ತೋರಿಸುತ್ತದೆ. ಅದಕ್ಕೆ ಟೈಪ್ ಮಾಹಿತಿ ಬೇಕು, ಆದ್ದರಿಂದ ಬರೀ ಜಾವಾಸ್ಕ್ರಿಪ್ಟ್ ಫೈಲ್‌ಗಳನ್ನು ಕಣ್ಣಲ್ಲೇ ನೋಡಬೇಕಾಗುತ್ತದೆ. ಜೆಸ್ಟ್ ಪ್ಲಗಿನ್‌ನ ‘ವ್ಯಾಲಿಡ್-ಎಕ್ಸ್‌ಪೆಕ್ಟ್’ ಕೂಡ ಸೇರಿಸಿ. ‘ಈ ಪ್ರಾಮಿಸ್ ರಿಜೆಕ್ಟ್ ಆಗಬೇಕು’ ಅಂತ ಬರೆದು ಮುಂದೆ ಅವೇಟ್ ಹಾಕದಿದ್ದರೆ ಆ ಟೆಸ್ಟ್ ಏನನ್ನೂ ಪರೀಕ್ಷಿಸದೆ ಪಾಸ್ ಆಗುತ್ತದೆ. ಅದನ್ನು ಈ ನಿಯಮ ಹಿಡಿಯುತ್ತದೆ.

ಒಂದು ವಿಷಯಕ್ಕೆ ಟೀಮನ್ನು ಮೊದಲೇ ಸಿದ್ಧ ಮಾಡಿ. ಬಿಟ್ಟುಹೋದ ಅವೇಟ್‌ಗಳನ್ನು ಸೇರಿಸಿದ ಕೂಡಲೇ ಹಸಿರಿದ್ದ ಕೆಲವು ಟೆಸ್ಟ್‌ಗಳು ಕೆಂಪಾಗುತ್ತವೆ. ನೀವು ಕೆಡಿಸಿದಿರಿ ಅಂತ ರಿವ್ಯೂನಲ್ಲಿ ಹೇಳುತ್ತಾರೆ. ಆ ಟೆಸ್ಟ್‌ಗಳು ಇಷ್ಟು ದಿನ ಏನನ್ನೂ ನೋಡುತ್ತಿರಲಿಲ್ಲ, ಈಗ ನೋಡುತ್ತಿವೆ. ಒಂದೊಂದಕ್ಕೂ ಬೇರೆ ಟಿಕೆಟ್ ಮಾಡಿ.

ನಡುರಾತ್ರಿ_ಆನ್‌ಕಾಲ್

ಮೇಲಿನವರು ಹೇಳಿದ್ದು ಸರಿ. ಡನ್ ಕಾಲ್‌ಬ್ಯಾಕ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಹಳೆಯ ಟೆಸ್ಟ್‌ಗಳಲ್ಲಿ ಫಂಕ್ಷನ್ ಅಸಿಂಕ್ ಆಗಿಯೂ ಇರುತ್ತದೆ, ಡನ್ ಕೂಡ ತೆಗೆದುಕೊಂಡಿರುತ್ತದೆ. ಯಾರೋ ಅರ್ಧ ಬದಲಾಯಿಸಿ ಬಿಟ್ಟ ಗುರುತು ಅದು. ಮೋಕಾ ಇದನ್ನು ಒಪ್ಪುವುದಿಲ್ಲ, ಮುಗಿದಿದ್ದನ್ನು ಎರಡು ರೀತಿ ಹೇಳುತ್ತಿದ್ದೀರಿ ಅಂತ ಎರರ್ ಕೊಡುತ್ತದೆ. ಜೆಸ್ಟ್ ಕೂಡ 27ನೇ ಆವೃತ್ತಿಯಿಂದ ಒಪ್ಪುವುದಿಲ್ಲ. ಅದಕ್ಕಿಂತ ಹಳೆಯದರಲ್ಲಿದ್ದರೆ ಆವೃತ್ತಿ ಏರಿಸುವ ಮೊದಲು ಇವನ್ನು ತೆಗೆದುಬಿಡಿ.

ಮತ್ತೆ ಪಟ್ಟಿಯ ಪ್ರತಿಯೊಂದಕ್ಕೂ ಫಂಕ್ಷನ್ ಓಡಿಸುವ ‘ಫಾರ್‌ಈಚ್’ ಒಳಗೆ ಅಸಿಂಕ್ ಫಂಕ್ಷನ್ ಕೊಟ್ಟಿರುವ ಹೆಲ್ಪರ್ ಖಂಡಿತ ಒಂದಾದರೂ ಇರುತ್ತದೆ, ಹುಡುಕಿ. ಹತ್ತು ಬಳಕೆದಾರರನ್ನು ಡೇಟಾಬೇಸ್‌ಗೆ ಸೇರಿಸುವ ಹೆಲ್ಪರ್ ಅಂದುಕೊಳ್ಳಿ. ಫಾರ್‌ಈಚ್ ಯಾರಿಗೂ ಕಾಯುವುದಿಲ್ಲ. ಹತ್ತೂ ಹೊರಟ ತಕ್ಷಣ ಹೆಲ್ಪರ್ ವಾಪಸ್ ಬರುತ್ತದೆ, ಟೆಸ್ಟ್ ಶುರುವಾಗುತ್ತದೆ. ಆ ಬರಹಗಳು ಟೆಸ್ಟ್ ನಡುವೆ, ಕೆಲವೊಮ್ಮೆ ಮುಂದಿನ ಟೆಸ್ಟ್ ನಡುವೆ ಬಂದು ಬೀಳುತ್ತವೆ. ಸಾದಾ ಫಾರ್-ಆಫ್ ಲೂಪ್ ಹಾಕಿ ಒಳಗೆ ಅವೇಟ್ ಮಾಡಿ. ಒಟ್ಟಿಗೆ ನಡೆಯಬಹುದಾದರೆ ಮ್ಯಾಪ್ ಮಾಡಿ, ಎಲ್ಲ ಪ್ರಾಮಿಸ್‌ಗಳಿಗೂ ಒಟ್ಟಿಗೆ ಕಾಯುವ ‘ಪ್ರಾಮಿಸ್-ಆಲ್’ಗೆ ಕೊಡಿ.

ಕ್ಯೂಎ_ಮಲೆನಾಡು

ನಾನು ಟೆಸ್ಟಿಂಗ್ ಕಡೆಯವಳು. ಸ್ಲೀಪ್ ಬಗ್ಗೆ ಒಂದು ಮಾತು ಹೇಳಬೇಕು. ಎಲ್ಲರೂ ಸ್ಲೀಪ್ ಕೆಟ್ಟದ್ದು ಅನ್ನುತ್ತಾರೆ. ರಿಲೀಸ್ ದಿನ ಪೈಪ್‌ಲೈನ್ ನಿಂತಾಗ ಸ್ಲೀಪ್ 500 ಇದ್ದದ್ದನ್ನು 2000 ಮಾಡಿ ಎಂದು ಹೇಳುವವರೂ ಅದೇ ಡೆವಲಪರ್‌ಗಳು. ನಮಗೆ ಬೇರೆ ದಾರಿ ಕೊಟ್ಟಿರುವುದಿಲ್ಲ. ಸ್ಕ್ರೀನ್ ಯಾವಾಗ ಸಿದ್ಧವಾಯಿತು ಅನ್ನುವುದಕ್ಕೆ ಆ್ಯಪ್‌ನಲ್ಲಿ ಗುರುತೇ ಇಲ್ಲದಿದ್ದರೆ ನಾವು ಯಾವುದಕ್ಕೆ ಕಾಯಬೇಕು?

ಹಳೇ_ಬಿಲ್ಡ್

ಮೇಡಂ, ನೀವು ಕೇಳಿದ್ದೇ ಇಲ್ಲಿನ ಮುಖ್ಯ ಪ್ರಶ್ನೆ. ಸ್ಲೀಪ್ ಹಾಕಿದ ಕಡೆಯೆಲ್ಲ ಒಂದು ಉತ್ತರ ಬಾಕಿ ಇರುತ್ತದೆ: ಯಾವುದಕ್ಕೆ ಕಾಯುತ್ತಿದ್ದೇವೆ? ಹೆಲ್ಪರ್ ಸ್ವಚ್ಛ ಮಾಡುವುದು ಅಂದರೆ ನನ್ನ ಪ್ರಕಾರ ಆ ಉತ್ತರವನ್ನು ಹುಡುಕಿ ಹೆಲ್ಪರ್‌ನ ಹೆಸರಲ್ಲೇ ಇಡುವುದು. ‘ಸೇವ್ ಮಾಡಿ ಕಾಯಿ’ ಹೆಸರಲ್ಲ. ‘ಉಳಿಸಲಾಗಿದೆ ಸಂದೇಶ ಬರುವ ತನಕ’ ಹೆಸರು. ‘ಆರ್ಡರ್ ಪಟ್ಟಿ ತುಂಬುವ ತನಕ’ ಹೆಸರು. ಹಾಗೆ ಹೆಸರಿಡಲು ಆಗದಿದ್ದರೆ ಆ ಹೆಲ್ಪರ್ ಎರಡು ಮೂರು ಕೆಲಸ ಮಾಡುತ್ತಿದೆ, ಇಲ್ಲವೇ ಆ್ಯಪ್‌ನಲ್ಲಿ ಕಾಯಲು ಏನೂ ಇಲ್ಲ. ಎರಡನೆಯದಾದರೆ ಆ್ಯಪ್ ಬದಲಾಗಬೇಕು. ಲೋಡ್ ಆಗುವಾಗ ‘ಏರಿಯಾ-ಬ್ಯುಸಿ’ ಗುರುತು (ಪುಟದ ಈ ಭಾಗ ಇನ್ನೂ ಬದಲಾಗುತ್ತಿದೆ ಅಂತ ಹೇಳುವ ಎಚ್‌ಟಿಎಂಎಲ್ ಗುಣ) ಹಾಕಿ, ಮುಗಿದಾಗ ತೆಗೆಯಿರಿ ಅಂತ ಡೆವಲಪರ್‌ಗೆ ಧೈರ್ಯವಾಗಿ ಹೇಳಿ. ಸ್ಕ್ರೀನ್ ರೀಡರ್ ಬಳಸುವವರಿಗೂ ಅದರಿಂದ ಉಪಯೋಗ.

ಇದು ಸಣ್ಣ ವಿಷಯ ಅಲ್ಲ. 2014ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಅಪಾಚೆ ಪ್ರಾಜೆಕ್ಟ್‌ಗಳಲ್ಲಿ ಫ್ಲೇಕಿ ಟೆಸ್ಟ್ (ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವಂಥದ್ದು) ಸರಿಪಡಿಸಿದ ಕಮಿಟ್‌ಗಳನ್ನು ಕೂತು ಓದಿದರು. ಸುಮಾರು 45 ಶೇಕಡಾ ಕಡೆ ಮೂಲ ಕಾರಣ ಇದೇ: ಅಸಿಂಕ್ ಕೆಲಸಕ್ಕೆ ಸರಿಯಾಗಿ ಕಾಯದಿರುವುದು. ಟೆಸ್ಟ್‌ಗಳ ಓಡುವ ಕ್ರಮದಿಂದ ಆದ ತೊಂದರೆ ಅದಕ್ಕಿಂತ ತುಂಬಾ ಕಡಿಮೆ.

ಕ್ಯೂಎ_ಮಲೆನಾಡು

ಸರಿ, ಒಪ್ಪಿದೆ. ಏರಿಯಾ-ಬ್ಯುಸಿ ವಿಷಯ ನಾಳೆ ಸ್ಟ್ಯಾಂಡಪ್‌ನಲ್ಲಿ ಎತ್ತುತ್ತೇನೆ.

ತುಂಗಾತೀರ

ಲಿಂಟರ್ ಹಾಕಿದೆವು. ಹಳೇ ಬಿಲ್ಡ್ ಅವರೇ, ನೀವು ಹೇಳಿದ ಹಾಗೇ ಆಯಿತು, ಟೆಸ್ಟ್ ಫೋಲ್ಡರ್ ಪೂರ್ತಿ ಹೊರಗಿತ್ತು. ಸೇವ್‌ಅಂಡ್‌ವೇಟ್‌ನಿಂದ ಪ್ರಾಮಿಸ್ ಕಟ್ಟುವುದನ್ನು ತೆಗೆದೆ. ಈಗ ಅದು ಸಾದಾ ಅಸಿಂಕ್ ಫಂಕ್ಷನ್. ಸ್ಲೀಪ್ ಜಾಗಕ್ಕೆ ಟೆಸ್ಟಿಂಗ್ ಲೈಬ್ರರಿಯ ‘ವೇಟ್‌ಫಾರ್’ ಹಾಕಿ, ಅದರೊಳಗೆ ಬಟನ್ ಒತ್ತಿ ಸಂದೇಶ ನೋಡುತ್ತೇನೆ. ಈಗ ಟೈಮ್‌ಔಟ್ ಬರುತ್ತಿಲ್ಲ. ಆದರೆ ಒಂದೇ ದಾಖಲೆ ಎರಡು ಸಲ ಉಳಿಯುತ್ತಿದೆ. ಯಾಕೆ?

ನಡುರಾತ್ರಿ_ಆನ್‌ಕಾಲ್

ಬಟನ್ ಒತ್ತುವುದನ್ನು ವೇಟ್‌ಫಾರ್ ಒಳಗೆ ಹಾಕಿದ್ದೀರಿ, ಅಲ್ವಾ? ಅದೇ ಕಾರಣ. ವೇಟ್‌ಫಾರ್ ಒಳಗಿನ ಫಂಕ್ಷನ್ ಪಾಸ್ ಆಗುವ ತನಕ ಮತ್ತೆ ಮತ್ತೆ ಓಡುತ್ತದೆ. ಸಾಮಾನ್ಯವಾಗಿ 50 ಮಿಲಿಸೆಕೆಂಡಿಗೊಮ್ಮೆ, ಪುಟದ ರಚನೆ (ಡಾಮ್) ಬದಲಾದಾಗಲೂ ಒಮ್ಮೆ, ಹೀಗೆ 1000 ಮಿಲಿಸೆಕೆಂಡ್ ತನಕ. ಓಡಿದಷ್ಟು ಸಲ ಸೇವ್ ಒತ್ತುತ್ತದೆ. ಕೆಲಸ ಹೊರಗೆ ಮಾಡಿ, ಒಳಗೆ ಬರೀ ನೋಡಿ. ಒಳಗೆ ಎಕ್ಸ್‌ಪೆಕ್ಟ್ ಕೂಡ ಒಂದೇ ಇರಲಿ.

ನಿಮ್ಮ ಕೆಲಸಕ್ಕೆ ವೇಟ್‌ಫಾರ್ ಬೇಕಾಗಿಯೇ ಇಲ್ಲ. ‘ಫೈಂಡ್‌ಬೈಟೆಕ್ಸ್ಟ್’ ಸಾಕು. ಫೈಂಡ್ ಅಂದರೆ ಗೆಟ್ (ಪುಟದಲ್ಲಿ ಕೂಡಲೇ ಹುಡುಕುವುದು) ಮತ್ತು ವೇಟ್‌ಫಾರ್ ಎರಡೂ ಸೇರಿದ್ದು. ಹೆಲ್ಪರ್ ಎರಡು ಸಾಲಿಗೆ ಇಳಿಯುತ್ತದೆ: ಬಟನ್ ಒತ್ತುವುದಕ್ಕೆ ಅವೇಟ್, ಸಂದೇಶ ಸಿಗುವುದಕ್ಕೆ ಅವೇಟ್. ಸಂದೇಶ ಸಿಗದಿದ್ದರೆ ಯಾವ ಪಠ್ಯ ಸಿಗಲಿಲ್ಲ ಅಂತ ಎರರ್‌ನಲ್ಲೇ ಬರುತ್ತದೆ, ಆ ಹೊತ್ತಿನ ಪುಟ ಹೇಗಿತ್ತು ಅನ್ನುವುದೂ ಬರುತ್ತದೆ.

ಪೈಥಾನ್_ಪ್ರಿಯೆ

ನಮ್ಮ ಪೈಥಾನ್ ಕಡೆಯೂ ಇದೇ ಕಥೆ, ಬೇರೆ ರೂಪದಲ್ಲಿ. ಯೂನಿಟ್‌ಟೆಸ್ಟ್‌ನ ಸಾದಾ ಟೆಸ್ಟ್‌ಕೇಸ್ ಒಳಗೆ ಅಸಿಂಕ್ ಟೆಸ್ಟ್ ಬರೆದರೆ ಅದರ ಒಳಗಿನ ಒಂದು ಸಾಲೂ ಓಡದೆ ಪಾಸ್ ಆಗುತ್ತದೆ. ‘ಈ ಕೊರುಟೀನ್‌ಗೆ (ಅಸಿಂಕ್ ಫಂಕ್ಷನ್ ಕರೆದಾಗ ಸಿಗುವುದು) ಯಾರೂ ಅವೇಟ್ ಮಾಡಲಿಲ್ಲ’ ಅನ್ನುವ ಎಚ್ಚರಿಕೆ ಬರುತ್ತದೆ, ಉದ್ದದ ಲಾಗ್‌ನಲ್ಲಿ ಅದನ್ನು ಯಾರು ಓದುತ್ತಾರೆ? 2019ರಲ್ಲಿ ಬಂದ ಪೈಥಾನ್ 3.8ರಿಂದ ಅಸಿಂಕ್ ಟೆಸ್ಟ್‌ಗಳನ್ನು ನಿಜವಾಗಿ ಓಡಿಸುವ ‘ಐಸೊಲೇಟೆಡ್‌ಅಸಿಂಕ್‌ಐಓಟೆಸ್ಟ್‌ಕೇಸ್’ ಇದೆ, ‘ಅಸಿಂಕ್‌ಮಾಕ್’ ಕೂಡ ಅದರಲ್ಲೇ ಬಂತು. ಅದಕ್ಕಿಂತ ಮೊದಲು ಪ್ರತಿ ಟೀಮೂ ತನ್ನದೇ ‘ಲೂಪ್‌ನಲ್ಲಿ ಓಡಿಸು’ ಹೆಲ್ಪರ್ ಬರೆದುಕೊಳ್ಳುತ್ತಿತ್ತು. ಅವನ್ನೆಲ್ಲ ಈಗ ಧಾರಾಳವಾಗಿ ಅಳಿಸಬಹುದು. ಭಾಷೆಯೇ ಕೊಟ್ಟಿದ್ದನ್ನು ನಾವು ಇನ್ನೂ ಹೊತ್ತುಕೊಂಡು ಓಡಾಡುವುದು ಬೇಡ.

ಜನರೇಟರ್_ಕಾಲದವ

ತುಂಗಾತೀರ ಅವರು ಹೇಳಿದ ಮೂರು ಬಗೆಯ ಜೊತೆ ನಾಲ್ಕನೆಯದೊಂದು ಇದೆ. ನಿಮ್ಮ ಫೈಲಿನಲ್ಲಿ ನಕ್ಷತ್ರ ಗುರುತಿನ ಜನರೇಟರ್ ಫಂಕ್ಷನ್‌ಗಳಿವೆಯಾ ನೋಡಿ, ಯೀಲ್ಡ್ ಬರೆದ ಕಡೆ ನಿಂತು ಆಮೇಲೆ ಮುಂದುವರಿಯುವಂಥವು. ಅಸಿಂಕ್-ಅವೇಟ್ ಭಾಷೆಗೆ ಸೇರಿದ್ದು 2017ರಲ್ಲಿ. ಅದಕ್ಕೂ ಮೊದಲು ‘ಕೋ’ ಅನ್ನುವ ಲೈಬ್ರರಿ ಹಾಕಿ ಯೀಲ್ಡ್ ಬರೆಯುತ್ತಿದ್ದೆವು. ಫೈರ್‌ಫಾಕ್ಸ್‌ನ ಟೆಸ್ಟ್‌ಗಳೂ ಆಗ ಹೀಗೇ ಜನರೇಟರ್ ಮತ್ತು ಯೀಲ್ಡ್‌ನಲ್ಲಿದ್ದವು. 2017ರಲ್ಲಿ ಅವರು ಸ್ಕ್ರಿಪ್ಟ್ ಬರೆದು ಹೆಚ್ಚಿನ ಕೋಡನ್ನು ಅವೇಟ್‌ಗೆ ತಿರುಗಿಸಿದರು. ಅಷ್ಟು ದೊಡ್ಡ ಕೋಡ್‌ಬೇಸ್‌ಗೆ ಅದೇ ಸರಿ.

ಆದರೆ ಯೀಲ್ಡ್ ತೆಗೆದು ಅವೇಟ್ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಎರಡು ಕಡೆ ಸದ್ದಿಲ್ಲದೆ ಅರ್ಥ ಬದಲಾಗುತ್ತದೆ.

ಕೋದಲ್ಲಿ ಪ್ರಾಮಿಸ್‌ಗಳ ಅರೇಯನ್ನು ಯೀಲ್ಡ್ ಮಾಡಿದರೆ ಅದು ಎಲ್ಲಕ್ಕೂ ಕಾಯುತ್ತಿತ್ತು. ಅವೇಟ್ ಹಾಗೆ ಮಾಡುವುದಿಲ್ಲ. ಅರೇಗೆ ಅವೇಟ್ ಹಾಕಿದರೆ ಅದೇ ಅರೇ ತಿರುಗಿ ಬರುತ್ತದೆ, ಒಳಗಿನ ಪ್ರಾಮಿಸ್‌ಗಳು ಇನ್ನೂ ಮುಗಿದಿರುವುದಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪ್ರಾಮಿಸ್-ಆಲ್ ಸೇರಿಸಲೇಬೇಕು.

ಎರಡನೆಯದು ಯಾವುದು ಮೊದಲು ಅನ್ನುವುದು. ಯೀಲ್ಡ್ ತನ್ನ ಬಲಗಡೆಯ ಇಡೀ ಸಾಲನ್ನು ತೆಗೆದುಕೊಳ್ಳುತ್ತದೆ. ಅವೇಟ್ ಪಕ್ಕದ ಒಂದನ್ನೇ ಹಿಡಿಯುತ್ತದೆ. ‘ಕ್ಯಾಶೆ ಅಥವಾ ಫೆಚ್’ ಅಂತ ಎರಡು ಕಂಬಿಯ ‘ಅಥವಾ’ ಗುರುತಿನಲ್ಲಿ ಬರೆದಿದ್ದರೆ, ಯೀಲ್ಡ್ ಇದ್ದಾಗ ಕ್ಯಾಶೆ ಖಾಲಿ ಇದ್ದರೆ ಫೆಚ್ ನಡೆದು ಅದಕ್ಕೆ ಕಾಯುತ್ತಿತ್ತು. ಅವೇಟ್ ಹಾಕಿದರೆ ಕ್ಯಾಶೆಗೆ ಮಾತ್ರ ಕಾಯುತ್ತದೆ, ಫೆಚ್‌ನ ಪ್ರಾಮಿಸ್ ಹಾಗೇ ಕೈಗೆ ಬರುತ್ತದೆ. ಮುಂದಿನ ಸಾಲಿನಲ್ಲಿ ಅದನ್ನು ಡೇಟಾ ಅಂದುಕೊಂಡು ಬಳಸುತ್ತೀರಿ. ಇಂಥ ಸಾಲುಗಳಿಗೆ ಆವರಣ ಹಾಕಿ.

ತುಂಗಾತೀರ

ಇದೆ ಸರ್, ಕೋ ಬಳಸಿದ ಹೆಲ್ಪರ್‌ಗಳಿವೆ. ಅರೇ ಯೀಲ್ಡ್ ಕೂಡ ಇದೆ. ಬರೀ ಹುಡುಕಿ ಬದಲಾಯಿಸುವ ಕೆಲಸ ಅಂತ ಟೀಮಿನಲ್ಲಿ ಹೊಸಬರಿಗೆ ಕೊಡಲು ಹೊರಟಿದ್ದೆವು. ಈಗ ನಾನೂ ಜೊತೆಗೆ ಕೂರುತ್ತೇನೆ.

ಇನ್ನೊಂದು ಪ್ರಶ್ನೆ. ಹೆಲ್ಪರ್‌ಗಳಲ್ಲಿ ‘ರಿಟರ್ನ್ ಅವೇಟ್’ ಅಂತ ತುಂಬಾ ಕಡೆ ಇದೆ. ಅಸಿಂಕ್ ಫಂಕ್ಷನ್ ಹೇಗೂ ಪ್ರಾಮಿಸ್ ಕೊಡುತ್ತದೆ, ಅವೇಟ್ ಯಾಕೆ, ತೆಗೆಯಿರಿ ಅಂತ ರಿವ್ಯೂನಲ್ಲಿ ಬಂದಿದೆ.

ಹಳೇ_ಬಿಲ್ಡ್

ತೆಗೆಯಬೇಡಿ. ಅದು ಹಳೆಯ ಸಲಹೆ. ಇಎಸ್‌ಲಿಂಟ್‌ನವರೇ ಆ ನಿಯಮವನ್ನು 2023ರಲ್ಲಿ ಕೈಬಿಟ್ಟರು. ಟ್ರೈ-ಕ್ಯಾಚ್ ಒಳಗಿದ್ದರಂತೂ ಅವೇಟ್ ಇಲ್ಲದೆ ಕ್ಯಾಚ್ ಕೆಲಸವನ್ನೇ ಮಾಡುವುದಿಲ್ಲ. ಟೆಸ್ಟ್ ಹೆಲ್ಪರ್‌ಗಳಲ್ಲಿ ಇನ್ನೂ ಒಂದು ಕಾರಣ ಇದೆ, ಸ್ಟ್ಯಾಕ್ ಟ್ರೇಸ್, ಅಂದರೆ ಎರರ್ ಯಾವ ಫಂಕ್ಷನ್‌ಗಳ ಮೂಲಕ ಬಂತು ಅನ್ನುವ ಪಟ್ಟಿ. ನೋಡ್ 12ರಿಂದ ಅಸಿಂಕ್ ಫಂಕ್ಷನ್‌ಗಳೂ ಟ್ರೇಸ್‌ನಲ್ಲಿ ಕಾಣುತ್ತವೆ, ಆದರೆ ಅವೇಟ್‌ನಲ್ಲಿ ನಿಂತಿರುವವು ಮಾತ್ರ. ಹೆಲ್ಪರ್ ಅವೇಟ್ ಇಲ್ಲದೆ ಪ್ರಾಮಿಸನ್ನು ದಾಟಿಸಿ ಹೋದರೆ ಟ್ರೇಸ್‌ನಿಂದ ಅದರ ಹೆಸರೇ ಮಾಯ. ಫೇಲ್ ಆದಾಗ ಯಾವ ಹೆಲ್ಪರ್ ದಾರಿಯಲ್ಲಿ ಬಂತು ಅನ್ನುವುದು ನಮಗೆ ಬೇಕೇ ಬೇಕಲ್ವಾ?

ತೆಗೆಯಬೇಕಾದ್ದು ಬೇರೆ ಇದೆ. ಒಳಗೆ ಏನಕ್ಕೂ ಕಾಯದಿದ್ದರೂ ಅಸಿಂಕ್ ಅಂತ ಗುರುತು ಹಾಕಿಕೊಂಡ ಹೆಲ್ಪರ್‌ಗಳು. ಒಂದು ಬಳಕೆದಾರನ ಆಬ್ಜೆಕ್ಟ್ ಕಟ್ಟಿ ಕೊಡುವುದಕ್ಕೆ ಅಸಿಂಕ್ ಯಾಕೆ? ಕರೆದವರೆಲ್ಲ ಸುಮ್ನೆ ಅವೇಟ್ ಹಾಕುತ್ತಾರೆ. ಓದುವವರು ಇಲ್ಲಿ ಏನೋ ನೆಟ್‌ವರ್ಕ್ ಕೆಲಸ ಇದೆ ಅಂದುಕೊಳ್ಳುತ್ತಾರೆ. ಅವನ್ನು ಸಾದಾ ಫಂಕ್ಷನ್ ಮಾಡಿ.

ನಡುರಾತ್ರಿ_ಆನ್‌ಕಾಲ್

ನೋಡ್ ಕಡೆಯ ಟೆಸ್ಟ್‌ಗಳಲ್ಲಿ ಇವೆಂಟ್‌ಗೆ ಕಾಯುವ ಹೆಲ್ಪರ್‌ಗಳಿದ್ದರೆ ಕ್ರಮ ನೋಡಿಕೊಳ್ಳಿ. ‘ಮೊದಲು ಸೇವ್‌ಗೆ ಅವೇಟ್, ಆಮೇಲೆ ಸೇವ್ಡ್ ಇವೆಂಟ್‌ಗೆ ಅವೇಟ್’ ಅಂತ ಬರೆದರೆ ಓದಲು ಸರಿಯಾಗೇ ಕಾಣುತ್ತದೆ. ಆದರೆ ಸೇವ್ ಮುಗಿಯುವಷ್ಟರಲ್ಲಿ ಇವೆಂಟ್ ಬಂದು ಹೋಗಿರುತ್ತದೆ. ಬಸ್ ಹೋದ ಮೇಲೆ ಸ್ಟಾಪಿಗೆ ಬಂದು ನಿಂತ ಹಾಗೆ. ಮೊದಲು ಕೇಳಲು ಶುರು ಮಾಡಿ, ಪ್ರಾಮಿಸನ್ನು ಒಂದು ವೇರಿಯಬಲ್‌ನಲ್ಲಿಡಿ, ಅವೇಟ್ ಬೇಡ. ಆಮೇಲೆ ಸೇವ್ ಕರೆಯಿರಿ. ಕೊನೆಗೆ ಅವೇಟ್. ಬ್ರೌಸರ್ ಓಡಿಸಿ ಟೆಸ್ಟ್ ಮಾಡುವ ಪ್ಲೇರೈಟ್‌ನಲ್ಲಿ ಡೌನ್‌ಲೋಡ್‌ಗೆ ಕಾಯುವುದೂ ಇದೇ ಕ್ರಮದಲ್ಲಿ. ಇವೆಂಟ್‌ಗೆ ಒಂದು ಸಲ ಕಾಯಲು ಸ್ವಂತ ಹೆಲ್ಪರ್ ಬೇಡ, ನೋಡ್‌ನ ಇವೆಂಟ್ಸ್ ಮಾಡ್ಯೂಲ್‌ನಲ್ಲೇ ‘ಒನ್ಸ್’ ಇದೆ.

ಒಂದು ಎಚ್ಚರಿಕೆ. ಹೀಗೆ ಹಿಡಿದಿಟ್ಟ ಪ್ರಾಮಿಸ್‌ಗೆ ಅವೇಟ್ ತಲುಪುವ ಮೊದಲೇ ಅದು ರಿಜೆಕ್ಟ್ ಆದರೆ, ನೋಡ್ 15ರಿಂದ ಅದನ್ನು ಹಿಡಿಯದ ಎರರ್ ಅಂತ ಪರಿಗಣಿಸುತ್ತದೆ, ಇಡೀ ಪ್ರೋಸೆಸ್ ಬೀಳಬಹುದು. ಇವೆಂಟ್ ಪ್ರಾಮಿಸ್ ಮತ್ತು ಸೇವ್ ಎರಡನ್ನೂ ಅದೇ ಕ್ರಮದಲ್ಲಿ ಪ್ರಾಮಿಸ್-ಆಲ್‌ಗೆ ಕೊಟ್ಟರೆ ಈ ತೊಂದರೆ ಇಲ್ಲ.

ಕ್ಯೂಎ_ಮಲೆನಾಡು

ಬದಲಾಯಿಸಿದ ಹೆಲ್ಪರ್ ನಿಜವಾಗಿ ಕೆಲಸ ಮಾಡುತ್ತಿದೆ ಅಂತ ಹೇಗೆ ನೋಡುತ್ತೀರಿ? ಹಸಿರು ಬಂದರೆ ಸಾಲದು ಅನ್ನುವುದು ಈ ಚರ್ಚೆಯಲ್ಲೇ ಗೊತ್ತಾಯಿತು.

ಹಳೇ_ಬಿಲ್ಡ್

ಬೇಕೆಂದೇ ಕೆಡಿಸಿ ನೋಡುತ್ತೇನೆ. ಆ್ಯಪ್‌ನಲ್ಲಿ ಸೇವ್ ಕರೆಯುವ ಸಾಲನ್ನು ಕಾಮೆಂಟ್ ಮಾಡಿ ಟೆಸ್ಟ್ ಓಡಿಸಿ. ಕೆಂಪಾಗಬೇಕು. ಜೊತೆಗೆ ಎರರ್ ಸಂದೇಶ ಓದಿದರೆ ಏನು ಸಿಗಲಿಲ್ಲ ಅನ್ನುವುದು ತಿಳಿಯಬೇಕು. ಕೆಂಪಾಗಿಯೂ ಬರೀ ‘ಸಮಯ ಮೀರಿತು’ ಅಂದರೆ ಹೆಲ್ಪರ್ ಇನ್ನೂ ಮುಗಿದಿಲ್ಲ. ಆಮೇಲೆ ಸರ್ವರ್ ಉತ್ತರವನ್ನು ನಕಲಿ ಮಾಡಿದ ಕಡೆ ಅರ್ಧ ಸೆಕೆಂಡ್ ತಡ ಸೇರಿಸಿ ಓಡಿಸಿ. ಆಗಲೂ ಹಸಿರಿರಬೇಕು. ಈ ಎರಡನ್ನೂ ಪಿಆರ್ (ಕೋಡ್ ಸೇರಿಸುವ ಕೋರಿಕೆ) ವಿವರಣೆಯಲ್ಲಿ ಬರೆದರೆ ರಿವ್ಯೂ ಮಾಡುವವರಿಗೂ ನಂಬಿಕೆ ಬರುತ್ತದೆ.

ಕಮಿಟ್‌ಗಳನ್ನು ಬೇರೆ ಬೇರೆ ಇಡಿ. ಬರಹದ ರೀತಿ ಮಾತ್ರ ಬದಲಾದದ್ದು ಒಂದು ಕಡೆ. ಕಾಯುವ ವಿಷಯವೇ ಬದಲಾದದ್ದು ಇನ್ನೊಂದು ಕಡೆ.

ತುಂಗಾತೀರ

ಬಹುತೇಕ ಹೆಲ್ಪರ್‌ಗಳು ಈ ದಾರಿಯಲ್ಲಿ ಸರಿಹೋಗುತ್ತವೆ ಅನಿಸುತ್ತದೆ. ಆದರೆ ಒಂದು ಬಗೆ ಉಳಿಯುತ್ತದೆ. ‘ಏನೂ ಆಗಬಾರದು’ ಅನ್ನುವ ಟೆಸ್ಟ್‌ಗಳು. ಫಾರ್ಮ್‌ನಲ್ಲಿ ಫೋನ್ ನಂಬರ್ ತಪ್ಪಿದ್ದಾಗ ಸೇವ್ ಒತ್ತಿದರೆ ‘ಉಳಿಸಲಾಗಿದೆ’ ಬರಬಾರದು. ಬರದೇ ಇರುವುದಕ್ಕೆ ಕಾಯುವುದು ಹೇಗೆ? ಈಗ ಅಲ್ಲೆಲ್ಲ 1000 ಮಿಲಿಸೆಕೆಂಡ್ ಸ್ಲೀಪ್ ಇದೆ. ಸ್ಲೀಪ್ ತೆಗೆದು ಕೂಡಲೇ ನೋಡಿದರೆ ಸಂದೇಶ ಇನ್ನೂ ಬಂದಿರುವುದಿಲ್ಲ, ಹಾಗಾಗಿ ಯಾವಾಗಲೂ ಪಾಸ್.

ಜನರೇಟರ್_ಕಾಲದವ

ಒಳ್ಳೆಯ ಪ್ರಶ್ನೆ. ಟೈಮರ್ ಮೇಲೆ ನಿಂತ ಕೋಡ್ ಆದರೆ ಜೆಸ್ಟ್‌ನ ನಕಲಿ ಟೈಮರ್ ಹಾಕಿ ಗಡಿಯಾರವನ್ನು ನೀವೇ ಮುಂದೆ ತಳ್ಳಿ. 29.5ರಿಂದ ಇದಕ್ಕೆ ಅಸಿಂಕ್ ರೂಪ ಇದೆ, ನಡುವೆ ಬರುವ ಪ್ರಾಮಿಸ್‌ಗಳೂ ಓಡುತ್ತವೆ. ಆದರೆ ನಕಲಿ ಟೈಮರ್ ಇರುವ ಟೆಸ್ಟ್‌ನಲ್ಲಿ ಹಳೆಯ ಸ್ಲೀಪ್ ಹೆಲ್ಪರ್ ಉಳಿದುಬಿಟ್ಟರೆ ಗಡಿಯಾರ ತಾನಾಗಿ ಓಡುವುದಿಲ್ಲ, ಆ ಅವೇಟ್ ಮುಗಿಯುವುದೂ ಇಲ್ಲ.

ಹಳೇ_ಬಿಲ್ಡ್

ನಿಮ್ಮ ಫಾರ್ಮ್‌ಗೆ ಟೈಮರ್ ಬೇಡ ಸರ್. ಸೇವ್ ತಡೆದಾಗ ಅದರ ಬದಲು ಏನೋ ಒಂದು ಆಗುತ್ತದೆ, ಅದಕ್ಕೆ ಕಾಯಿರಿ. ‘ಫೋನ್ ನಂಬರ್ ಸರಿಯಿಲ್ಲ’ ಅಂತ ಫೀಲ್ಡ್ ಕೆಳಗೆ ಬರುತ್ತದಲ್ವಾ? ಫೈಂಡ್‌ಬೈಟೆಕ್ಸ್ಟ್‌ನಿಂದ ಅದಕ್ಕೆ ಅವೇಟ್ ಮಾಡಿ. ಅದು ಬಂದ ಮೇಲೆ ‘ಉಳಿಸಲಾಗಿದೆ’ ಇಲ್ಲ ಅನ್ನುವುದನ್ನು ಸಿಗದಿದ್ದರೂ ಎರರ್ ಎಸೆಯದ ‘ಕ್ವೆರಿಬೈ’ಯಿಂದ ಒಂದೇ ಸಲ ನೋಡಿ. ಸೇವ್ ಎಪಿಐಯ ಮಾಕ್ (ನಕಲಿ ಬದಲಿ) ಒಂದು ಸಲವೂ ಕರೆ ಕಂಡಿಲ್ಲ ಅನ್ನುವುದನ್ನೂ ಅಲ್ಲೇ ಸೇರಿಸಿ, ಪರದೆಗಿಂತ ಅದು ಗಟ್ಟಿ ಸಾಕ್ಷಿ. ಫಾರ್ಮ್ ತಪ್ಪು ತೋರಿಸದೆ ಸುಮ್ಮನೆ ಕೂರುತ್ತದೆ ಅಂತಾದರೆ ಟೆಸ್ಟ್ ಬದಿಗಿಟ್ಟು ಮೊದಲು ಅದಕ್ಕೊಂದು ಟಿಕೆಟ್ ತೆಗೆಯಿರಿ.